ಬಾಣಕ್ಕೆ ನೆನಪಿದೆಯೇ?

1989ರ ಮಾರ್ಚ್‌ನಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ತಮ್ಮ ಮೇಲಧಿಕಾರಿ ಮೈಕ್ ಸೆಂಡಾಲ್ ಅವರಿಗೆ ಒಂದು ಪ್ರಸ್ತಾವ ಕೊಟ್ಟರು. ಅದರ ಮೊದಲ ಪುಟದಲ್ಲಿ ಕಣ್ಣಿಗೆ ಬೀಳುವುದು ಒಂದು ಚಿತ್ರ. ವೃತ್ತ, ಚೌಕ, ಮೋಡದಂಥ ಆಕೃತಿಗಳು, ಅವುಗಳ ನಡುವೆ ಬಾಣಗಳು, ಬಾಣಗಳ ಮೇಲೆ ‘ವಿವರಿಸುತ್ತದೆ’, ‘ಒಳಗೊಂಡಿದೆ’, ‘ಬರೆದರು’ ಎಂಬಂಥ ಸಣ್ಣ ಕ್ರಿಯಾಪದಗಳು. ಸೆಂಡಾಲ್ ಆ ಪುಟದ ಮೇಲೆಯೇ, ಅಸ್ಪಷ್ಟ ಆದರೆ ಉತ್ಸಾಹ ಹುಟ್ಟಿಸುವಂಥದ್ದು ಎಂಬರ್ಥದ ಷರಾ ಗೀಚಿದರು. ವರ್ಲ್ಡ್ ವೈಡ್ ವೆಬ್‌ನ ಕಥೆ ಹೇಳುವವರೆಲ್ಲ ಈ ಷರಾವನ್ನು ನೆನೆಯುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ಚಿತ್ರ.

ಸರ್ನ್‌ಗೆ ಬಂದವರು ಸಾಮಾನ್ಯವಾಗಿ ಎರಡು ವರ್ಷ ಇದ್ದು ಹೊರಟುಹೋಗುತ್ತಿದ್ದರು. ಯಾವ ಯಂತ್ರಕ್ಕೆ ಯಾವ ಪ್ರೋಗ್ರಾಂ, ಅದನ್ನು ಬರೆದವರು ಯಾರು, ಅದರ ದಾಖಲೆ ಎಲ್ಲಿದೆ ಎಂಬ ತಿಳಿವಳಿಕೆಯೂ ಅವರ ಜೊತೆಗೇ ಹೋಗುತ್ತಿತ್ತು. ಅಲ್ಲಿ ಬಳಕೆಯಲ್ಲಿದ್ದ ದಾಖಲೆ ವ್ಯವಸ್ಥೆ ಮರದ ಹಾಗೆ ಕವಲೊಡೆಯುತ್ತಿತ್ತು: ವಿಭಾಗ, ಉಪವಿಭಾಗ, ಅದರೊಳಗೆ ದಾಖಲೆ. ನಿಜವಾದ ಸಂಬಂಧಗಳು ಹಾಗೆ ಒಂದೇ ಕೊಂಬೆಯಲ್ಲಿ ಕೂರುವುದಿಲ್ಲ ಎಂಬುದು ಬರ್ನರ್ಸ್-ಲೀ ಅವರ ವಾದ. ಸಂಕೀರ್ಣವಾದುದನ್ನು ವಿವರಿಸಬೇಕಾದಾಗ ಜನ ತಾವಾಗಿಯೇ ವೃತ್ತ-ಬಾಣಗಳ ಚಿತ್ರಕ್ಕೆ ಮೊರೆಹೋಗುತ್ತಾರೆ, ಕೋಷ್ಟಕಗಳು ಕೊಡದ ಸ್ವಾತಂತ್ರ್ಯವನ್ನು ಆ ಚಿತ್ರಗಳು ಕೊಡುತ್ತವೆ ಎಂದು ಅವರು ಪ್ರಸ್ತಾವದಲ್ಲೇ ಬರೆದಿದ್ದಾರೆ. ಹಾಗೆ ನೋಡಿದರೆ ವೆಬ್ ಹುಟ್ಟಿದ್ದೇ ಒಂದು ಡಯಾಗ್ರಾಂ ಆಗಿ. ಅದರ ವೃತ್ತಗಳು ಪುಟಗಳಾದವು, ಬಾಣಗಳು ಕೊಂಡಿಗಳಾದವು.

ಆದ್ದರಿಂದ ಒಂದು ಜಾಲತಾಣವನ್ನು ಕಟ್ಟುವ ಮುನ್ನ ಅದರ ನಕ್ಷೆ ಬಿಡಿಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಯಾರಾದರೂ ಕೇಳಿದಾಗ, ನಾನು ಹೆಸರುಗಳ ಪಟ್ಟಿ ಕೊಡುವುದಿಲ್ಲ. ಪಟ್ಟಿ ಎರಡು ವರ್ಷಕ್ಕೆ ಹಳತಾಗುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಸಾಫ್ಟ್‌ವೇರ್ ಬಾಣವನ್ನು ಬಾಣವೆಂದು ತಿಳಿದಿದೆಯೇ, ಅಥವಾ ಪರದೆಯ ಮೇಲೆ ಎಳೆದ ಒಂದು ಗೆರೆ ಎಂದಷ್ಟೇ ತಿಳಿದಿದೆಯೇ? ಯಾವ ಪುಟದಿಂದ ಯಾವ ಪುಟಕ್ಕೆ ಹೋಗುತ್ತೇನೆ ಎಂಬುದು ಆ ಬಾಣಕ್ಕೆ ನೆನಪಿದೆಯೇ?

ಅರವತ್ತು ಪುಟಗಳ ಲೆಕ್ಕ

ಕೋಲಾರದ ಕಡೆಯ ಒಂದು ರೈತ ಉತ್ಪಾದಕ ಕಂಪನಿ ತನಗೊಂದು ಜಾಲತಾಣ ಬೇಕೆಂದು ಹೊರಟಿದೆ ಎಂದಿಟ್ಟುಕೊಳ್ಳೋಣ. ರಾಗಿ, ಸಾಮೆ, ನವಣೆ, ಹುರಿಹಿಟ್ಟು ಮಾರುವುದು ಒಂದು ಕೆಲಸ. ಸದಸ್ಯ ರೈತರಿಗೆ ಖರೀದಿ ದರ, ಸಭೆಯ ಸೂಚನೆ, ಬೀಜ ಹಂಚಿಕೆಯ ದಿನ ತಿಳಿಸುವುದು ಇನ್ನೊಂದು. ಎಲ್ಲ ಸೇರಿ ಅರವತ್ತು ಪುಟ. ಇದು ಸಣ್ಣ ಜಾಲತಾಣವೇ.

ಯಾರೇ ಆದರೂ ಮೊದಲು ಬಿಡಿಸುವುದು ಮರ. ಮೇಲೆ ಮುಖಪುಟ, ಅದರ ಕೆಳಗೆ ಉತ್ಪನ್ನಗಳು, ಸದಸ್ಯರು, ನಮ್ಮ ಬಗ್ಗೆ, ಅವುಗಳ ಕೆಳಗೆ ಉಳಿದವು. ಮುಖಪುಟವೊಂದನ್ನು ಬಿಟ್ಟು ಪ್ರತಿ ಪುಟಕ್ಕೂ ಒಂದೇ ತಾಯಿಪುಟ ಇರುವುದರಿಂದ ಅರವತ್ತು ಪುಟಗಳ ಮರದಲ್ಲಿ ಸರಿಯಾಗಿ 59 ಗೆರೆಗಳಿರುತ್ತವೆ. ಮರವನ್ನು ಯಾವ ಗೆರೆಯೂ ಇನ್ನೊಂದನ್ನು ದಾಟದಂತೆ ಯಾವಾಗಲೂ ಬಿಡಿಸಬಹುದು. ಅಚ್ಚುಕಟ್ಟಾಗಿ ಕಾಣುತ್ತದೆ, ಸಭೆಯಲ್ಲಿ ತೋರಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆ.

ಆದರೆ ಜಾಲತಾಣ ಎಂಬುದು ಆ ಮರ ಅಲ್ಲ. ಪ್ರತಿ ಪುಟದ ತಲೆಯ ಮೇಲೂ ಎಂಟು ಕೊಂಡಿಗಳ ಮೆನು ಇಟ್ಟರೆ ಅದೊಂದರಿಂದಲೇ 480 ಕೊಂಡಿಗಳಾದವು. ಹುರಿಹಿಟ್ಟಿನ ಪುಟದಿಂದ ಅದನ್ನು ಬಳಸುವ ಅಡುಗೆಯ ಪುಟಕ್ಕೆ, ಅಡುಗೆಯಿಂದ ರಾಗಿಯ ತಳಿಗೆ, ತಳಿಯಿಂದ ಬೀಜ ಹಂಚಿಕೆಗೆ ಹೀಗೆ ಅಡ್ಡ ಕೊಂಡಿಗಳು ಬೇರೆ. ಇವನ್ನೆಲ್ಲ ಒಂದೇ ಚಿತ್ರದಲ್ಲಿ ತೋರಿಸಬಲ್ಲ ಸಾಫ್ಟ್‌ವೇರ್ ಎಲ್ಲಿಯಾದರೂ ಇದ್ದೀತೆಂದು ಹುಡುಕುವವರು ಗಣಿತದ ಒಂದು ಗೋಡೆಯನ್ನು ಎದುರಿಸುತ್ತಾರೆ.

ಒಂದು ಕಾಗದದ ಮೇಲೆ ಐದು ಚುಕ್ಕಿ ಇಡಿ. ಪ್ರತಿ ಚುಕ್ಕಿಯನ್ನು ಉಳಿದ ನಾಲ್ಕಕ್ಕೂ ಸೇರಿಸಿ, ಯಾವ ಗೆರೆಯೂ ಇನ್ನೊಂದನ್ನು ದಾಟಬಾರದು. ಗೆರೆ ನೇರವಾಗಿರಬೇಕೆಂದೇನೂ ಇಲ್ಲ, ಹೇಗೆ ಬೇಕಾದರೂ ಬಳುಕಿಸಬಹುದು. ಒಂಬತ್ತು ಗೆರೆಗಳವರೆಗೆ ಬರಬಹುದು, ಹತ್ತನೆಯದು ಎಲ್ಲೋ ಒಂದು ಕಡೆ ದಾಟಲೇಬೇಕು. ದಾಟದೆ ಬಿಡಿಸಬಹುದಾದ ಚಿತ್ರಗಳು ಯಾವುವು, ಬಿಡಿಸಲಾಗದವು ಯಾವುವು ಎಂಬುದನ್ನು ಪೋಲೆಂಡಿನ ಗಣಿತಜ್ಞ ಕಾಜಿಮೆಜ್ ಕುರಟೋವ್‌ಸ್ಕಿ 1930ರಲ್ಲಿ ಪೂರ್ತಿಯಾಗಿ ಗುರುತಿಸಿಕೊಟ್ಟರು. ಅದಕ್ಕೂ ಹಿಂದಿನ ಆಯ್ಲರನ ಸೂತ್ರದಿಂದ ಒಂದು ಸುಲಭದ ಮಿತಿ ಹೊರಡುತ್ತದೆ: ಚುಕ್ಕಿಗಳ ಸಂಖ್ಯೆಯನ್ನು ಮೂರರಿಂದ ಗುಣಿಸಿ ಆರು ಕಳೆಯಿರಿ, ಅಷ್ಟಕ್ಕಿಂತ ಹೆಚ್ಚು ಜೋಡಿಗಳನ್ನು ಸೇರಿಸಿದರೆ ಗೆರೆಗಳು ದಾಟಿಯೇ ದಾಟುತ್ತವೆ. ಅರವತ್ತು ಪುಟಕ್ಕೆ ಈ ಮಿತಿ 174. ನಮ್ಮ ಎಂಟು ಕೊಂಡಿಗಳ ಮೆನು ಸೇರಿಸುವ ಜೋಡಿಗಳೇ 444. ಅಂದರೆ ಎಷ್ಟು ದುಬಾರಿಯ ಸಾಫ್ಟ್‌ವೇರ್ ಕೊಂಡರೂ, ಎಷ್ಟು ದೊಡ್ಡ ಪರದೆ ತಂದರೂ ಈ ಜಾಲತಾಣದ ಸಂಪೂರ್ಣ ಚಿತ್ರ ಸಿಕ್ಕುಸಿಕ್ಕಾಗಿಯೇ ಇರುತ್ತದೆ.

ಸಿಕ್ಕು ನೋಟಕ್ಕಷ್ಟೇ ತೊಂದರೆ ಎನ್ನುವಂತಿಲ್ಲ. ಚಿತ್ರದ ಗುಣಗಳಲ್ಲಿ ಯಾವುದು ಓದುಗರ ಅರ್ಥಗ್ರಹಿಕೆಯನ್ನು ಹೆಚ್ಚು ಬಾಧಿಸುತ್ತದೆ ಎಂದು ಹೆಲೆನ್ ಪರ್ಚೇಸ್ ಪ್ರಯೋಗಗಳಿಂದ ಪರೀಕ್ಷಿಸಿದ್ದರು. 1997ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಗೆರೆಗಳು ದಾಟುವುದೇ ಮೊದಲ ಸ್ಥಾನದಲ್ಲಿತ್ತು. ಗೆರೆ ಬಾಗುವುದು, ಚಿತ್ರ ಸಮರೂಪವಾಗಿರದಿರುವುದು ಇವೆಲ್ಲ ಅದರ ಹಿಂದೆ.

ಹಾಗಾಗಿ ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಮೊದಲು ಆಗಬೇಕು. ಮೆನುವಿನ ಕೊಂಡಿಗಳನ್ನು ಎಳೆಯಲೇಬಾರದು. ‘ಎಲ್ಲ ಪುಟಗಳಲ್ಲೂ ಈ ಎಂಟು’ ಎಂದು ಮೂಲೆಯಲ್ಲಿ ಒಮ್ಮೆ ಬರೆದರೆ ಸಾಕು. ಉಳಿದದ್ದರಲ್ಲಿ ಏನನ್ನು ತೋರಿಸಬೇಕು ಎಂಬುದು ನಾವು ಕೇಳುತ್ತಿರುವ ಪ್ರಶ್ನೆಯನ್ನು ಅವಲಂಬಿಸಿದೆ.

ಮೂರು ಪ್ರಶ್ನೆ, ಮೂರು ಚಿತ್ರ

ಮೊದಲ ಪ್ರಶ್ನೆ: ಯಾವುದು ಯಾವುದರ ಒಳಗಿದೆ? ಇದಕ್ಕೆ ಉತ್ತರ ಮರ. ಸೈಟ್‌ಮ್ಯಾಪ್ ಎಂದು ಈ ವೃತ್ತಿಯವರು ಕರೆಯುವುದು ಇದನ್ನು. ಮರವನ್ನು ಚೊಕ್ಕವಾಗಿ, ಕಡಿಮೆ ಜಾಗದಲ್ಲಿ, ಒಂದೇ ಬಗೆಯ ಕೊಂಬೆಗಳು ಎಲ್ಲಿದ್ದರೂ ಒಂದೇ ರೀತಿ ಕಾಣುವಂತೆ ಬಿಡಿಸುವ ವಿಧಾನವನ್ನು ಎಡ್ವರ್ಡ್ ರೀನ್‌ಗೋಲ್ಡ್ ಮತ್ತು ಜಾನ್ ಟಿಲ್‌ಫರ್ಡ್ 1981ರಲ್ಲಿ ಕೊಟ್ಟರು. ಪ್ರತಿ ಉಪಮರವನ್ನು ಪ್ರತ್ಯೇಕವಾಗಿ ಬಿಡಿಸಿ, ಪಕ್ಕದ ಉಪಮರಕ್ಕೆ ತಾಗುವವರೆಗೆ ಹತ್ತಿರ ಸರಿಸಿ, ತಾಯಿಯನ್ನು ಮಕ್ಕಳ ನಡುಮಧ್ಯಕ್ಕೆ ಇಡುವುದು ಅದರ ತಿರುಳು. ಕೆಲಸ ಬೇಗ ಮುಗಿಯುತ್ತದೆ, ಸಾವಿರ ಪುಟಗಳಿದ್ದರೂ ಕಣ್ಣು ಮಿಟುಕಿಸುವಷ್ಟರಲ್ಲಿ.

ಮರ ಬಿಡಿಸುವಾಗ ಒಂದು ಹಳೆಯ ನಂಬಿಕೆ ಅಡ್ಡ ಬರುತ್ತದೆ. ಒಂದು ಕವಲಿನಲ್ಲಿ ಏಳಕ್ಕಿಂತ ಹೆಚ್ಚು ಕೊಂಬೆ ಇರಬಾರದು, ಮನುಷ್ಯನ ನೆನಪಿಗೆ ಅಷ್ಟೇ ಮಿತಿ ಎನ್ನುವುದು. ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಲೇಖನದಿಂದ ಬಂದ ಮಾತು ಇದು. ಮಿಲ್ಲರ್ ಹೇಳಿದ್ದು ಕಣ್ಣೆದುರು ಇಲ್ಲದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಬಗ್ಗೆ. ಮೆನು ಕಣ್ಣೆದುರೇ ಇರುತ್ತದೆ, ಅದನ್ನು ಬಾಯಿಪಾಠ ಮಾಡುವ ಅಗತ್ಯ ಯಾರಿಗೂ ಇಲ್ಲ. ಕೆವಿನ್ ಲಾರ್ಸನ್ ಮತ್ತು ಮೇರಿ ಝರ್ವಿನ್‌ಸ್ಕಿ 1998ರಲ್ಲಿ 512 ಪುಟಗಳನ್ನು ಮೂರು ರೀತಿ ಜೋಡಿಸಿ ಪರೀಕ್ಷಿಸಿದರು: ಎಂಟೆಂಟರಂತೆ ಮೂರು ಹಂತ, ಮೊದಲು ಹದಿನಾರು ಆಮೇಲೆ ಮೂವತ್ತೆರಡು, ಮೊದಲು ಮೂವತ್ತೆರಡು ಆಮೇಲೆ ಹದಿನಾರು. ಬೇಕಾದದ್ದನ್ನು ಹುಡುಕಲು ಜನರಿಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಎಂಟೆಂಟರ ಜೋಡಣೆಯಲ್ಲಿ. ಆಳವಾದ ಮರಕ್ಕಿಂತ ಅಗಲವಾದ ಮರ ಅವರಿಗೆ ಸುಲಭವಾಗಿತ್ತು. ಸಾಫ್ಟ್‌ವೇರ್ ಆರಿಸುವಾಗ ಇದರಿಂದ ಒಂದು ಪಾಠ ತೆಗೆದುಕೊಳ್ಳಬಹುದು: ಅಗಲವಾದ ಮರವನ್ನು ಕಾಗದದ ಅಗಲಕ್ಕೆ ಹೊಂದಿಸಲಾಗದೆ ಹೆಣಗಾಡುವ ಉಪಕರಣ ನಮ್ಮನ್ನು ಗೊತ್ತಿಲ್ಲದೆಯೇ ಆಳವಾದ ಜಾಲತಾಣದ ಕಡೆಗೆ ತಳ್ಳುತ್ತದೆ. ಮರವನ್ನು ಮೇಲಿಂದ ಕೆಳಕ್ಕೆ ಮಾತ್ರವಲ್ಲದೆ ಎಡದಿಂದ ಬಲಕ್ಕೂ ಬೆಳೆಸಲು ಬರುವಂತಿರಬೇಕು. ಆಗ ಮೂವತ್ತೆರಡು ಮಕ್ಕಳಿರುವ ಪುಟವೂ ಒಂದರ ಕೆಳಗೊಂದು ಪಟ್ಟಿಯಾಗಿ ನಿಲ್ಲುತ್ತದೆ.

ಎರಡನೆಯ ಪ್ರಶ್ನೆ: ಬಂದವರು ಯಾವ ದಾರಿಯಲ್ಲಿ ಹೋಗುತ್ತಾರೆ? ಬೆಂಗಳೂರಿನ ಗೃಹಿಣಿಯೊಬ್ಬರು ಎರಡು ಕಿಲೋ ನವಣೆ ಕೊಳ್ಳಲು ಬಂದರು. ಉತ್ಪನ್ನ ನೋಡಿದರು, ಬುಟ್ಟಿಗೆ ಹಾಕಿದರು, ಪಿನ್‌ಕೋಡ್ ಕೇಳಿತು. ಆ ಊರಿಗೆ ಕಳಿಸುತ್ತೇವೆಯೇ? ಹೌದಾದರೆ ಹಣ ಪಾವತಿ, ಇಲ್ಲವಾದರೆ ಹತ್ತಿರದ ಮಳಿಗೆಯ ವಿಳಾಸ. ಹಣ ಪಾವತಿ ವಿಫಲವಾದರೆ ಮತ್ತೆ ಎಲ್ಲಿಗೆ? ಇದು ಫ್ಲೋಚಾರ್ಟ್. ಈ ಬಗೆಯ ಚಿತ್ರಕ್ಕೆ ಕಂಪ್ಯೂಟರಿಗಿಂತ ಹೆಚ್ಚು ವಯಸ್ಸಾಗಿದೆ. ಫ್ರ್ಯಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ ಕಾರ್ಖಾನೆಯ ಕೆಲಸದ ಹಂತಗಳನ್ನು ತೋರಿಸುವ ಚಾರ್ಟನ್ನು ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದಿಟ್ಟದ್ದು 1921ರಲ್ಲಿ. ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ವಾನ್ ನಾಯ್‌ಮನ್ ಅಂಥದೇ ಚಿತ್ರಗಳನ್ನು 1940ರ ದಶಕದ ಕೊನೆಗೆ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಯೋಜಿಸಲು ಬಳಸಿದರು.

ದಾರಿಯ ಚಿತ್ರದಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ಹರಿಯಬೇಕು, ಹಿಂದಕ್ಕೆ ಹೋಗುವ ಬಾಣ ಎದ್ದು ಕಾಣಬೇಕು. ಇದಕ್ಕೆ ಜಪಾನಿನ ಕೋಜೊ ಸುಗಿಯಾಮಾ ಮತ್ತು ಸಂಗಡಿಗರು 1981ರಲ್ಲಿ ರೂಪಿಸಿದ ವಿಧಾನವನ್ನು ಇವತ್ತಿಗೂ ಬಹಳಷ್ಟು ಸಾಫ್ಟ್‌ವೇರ್‌ಗಳು ಬಳಸುತ್ತವೆ. ಅದು ಪೆಟ್ಟಿಗೆಗಳನ್ನು ಮೊದಲು ಅಂತಸ್ತುಗಳಾಗಿ ಹಂಚುತ್ತದೆ. ಆಮೇಲೆ ಪ್ರತಿ ಅಂತಸ್ತಿನೊಳಗೆ ಯಾವ ಪೆಟ್ಟಿಗೆ ಎಡಕ್ಕೆ, ಯಾವುದು ಬಲಕ್ಕೆ ಎಂದು ತೀರ್ಮಾನಿಸುತ್ತದೆ. ಕಷ್ಟವೆಲ್ಲ ಇರುವುದು ಇಲ್ಲೇ. ಗೆರೆಗಳು ಅತ್ಯಂತ ಕಡಿಮೆ ದಾಟುವ ಜೋಡಣೆಯನ್ನು ಖಾತರಿಯಾಗಿ, ಬೇಗನೆ ಕಂಡುಹಿಡಿಯುವ ಉಪಾಯ ಯಾರಿಗೂ ಸಿಕ್ಕಿಲ್ಲ. ಈ ಸಮಸ್ಯೆ ಗಣಿತಜ್ಞರು ಅತಿ ಕಠಿಣವೆಂದು ಗುರುತಿಸಿರುವ ವರ್ಗಕ್ಕೇ ಸೇರಿದೆ ಎಂದು ಮೈಕೆಲ್ ಗ್ಯಾರಿ ಮತ್ತು ಡೇವಿಡ್ ಜಾನ್ಸನ್ 1983ರಲ್ಲಿ ಸಾಧಿಸಿ ತೋರಿಸಿದರು. ಸುಗಿಯಾಮಾ ಅವರ ವಿಧಾನ ಪರಿಪೂರ್ಣತೆಯ ಹಟ ಬಿಟ್ಟು ಒಂದು ಸರಳ ಯುಕ್ತಿ ಹೂಡುತ್ತದೆ. ಪ್ರತಿ ಪೆಟ್ಟಿಗೆಯನ್ನೂ ಮೇಲಿನ ಅಂತಸ್ತಿನಲ್ಲಿ ಅದಕ್ಕಿರುವ ನೆಂಟರ ಸ್ಥಾನಗಳ ಸರಾಸರಿಗೆ ಸರಿಸಿ. ಕೆಳಗಿನವರೆಗೆ ಹೋಗಿ ಮುಗಿದ ಮೇಲೆ ಕೆಳಗಿನಿಂದ ಮೇಲಕ್ಕೆ ಅದನ್ನೇ ಮಾಡಿ. ಹೀಗೆ ಕೆಲವು ಸುತ್ತು ತಿರುಗಿದರೆ ಸಿಕ್ಕು ಬಹುಮಟ್ಟಿಗೆ ಬಿಚ್ಚಿಕೊಳ್ಳುತ್ತದೆ. ‘ತಾನಾಗಿ ಜೋಡಿಸು’ ಎಂಬ ಗುಂಡಿ ಒತ್ತಿದಾಗ ಒಳಗೆ ನಡೆಯುವುದು ಸಾಮಾನ್ಯವಾಗಿ ಇದು. ಫಲಿತಾಂಶ ಕೆಲವೊಮ್ಮೆ ಮನುಷ್ಯನ ಕಣ್ಣಿಗೆ ವಿಚಿತ್ರವಾಗಿ ಕಂಡರೆ ಅದು ಸಾಫ್ಟ್‌ವೇರ್ ಕಳಪೆ ಎಂಬುದಕ್ಕೆ ಸಾಕ್ಷಿಯಲ್ಲ. ಸಮಸ್ಯೆಯೇ ಅಷ್ಟು ಕಠಿಣ.

ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ: ಯಾವ ಪುಟಗಳು ನಿಜಕ್ಕೂ ಒಂದಕ್ಕೊಂದು ಹತ್ತಿರ? ಮರದಲ್ಲಿ ಹುರಿಹಿಟ್ಟಿನ ಪುಟವೂ ಬೀಜ ಹಂಚಿಕೆಯ ಪುಟವೂ ದೂರದ ಕೊಂಬೆಗಳಲ್ಲಿರಬಹುದು. ಕೊಂಡಿಗಳನ್ನು ನೋಡಿದರೆ ಅವು ಒಂದೇ ಗುಂಪು. ಇದಕ್ಕೆ ಪೀಟರ್ ಈಡ್ಸ್ 1984ರಲ್ಲಿ ಸೂಚಿಸಿದ, ಥಾಮಸ್ ಫ್ರುಕ್ಟರ್‌ಮನ್ ಮತ್ತು ರೀನ್‌ಗೋಲ್ಡ್ 1991ರಲ್ಲಿ ತಿದ್ದಿ ಬೆಳೆಸಿದ ಬಲಗಳ ವಿಧಾನ ಇದೆ. ಪ್ರತಿ ಕೊಂಡಿಯೂ ಒಂದು ಸ್ಪ್ರಿಂಗ್, ಪ್ರತಿ ಪುಟವೂ ಉಳಿದೆಲ್ಲ ಪುಟಗಳನ್ನು ದೂರ ತಳ್ಳುವ ಕಣ ಎಂದು ಭಾವಿಸಿ, ಎಲ್ಲವನ್ನೂ ಬಿಟ್ಟುಬಿಟ್ಟರೆ ವ್ಯವಸ್ಥೆ ತಾನಾಗಿ ಒಂದು ಸಮತೋಲಕ್ಕೆ ಬರುತ್ತದೆ. ಹೆಚ್ಚು ಕೊಂಡಿಗಳಿರುವ ಪುಟಗಳು ಗುಂಪಾಗುತ್ತವೆ. ಒಂಟಿ ಪುಟಗಳು ಅಂಚಿಗೆ ಹೋಗುತ್ತವೆ. ಹಳೆಯ ಜಾಲತಾಣವೊಂದನ್ನು ಹೊಸದಾಗಿ ಕಟ್ಟಬೇಕಾದಾಗ ನಾನು ಮೊದಲು ನೋಡಬಯಸುವುದು ಈ ಚಿತ್ರವನ್ನು.

ಪುಟದೊಳಗೆ ಏನು ಎಲ್ಲಿ ಕೂರಬೇಕು ಎಂಬ ನಾಲ್ಕನೆಯ ಬಗೆಯ ಚಿತ್ರವೂ ಇದೆ, ವೈರ್‌ಫ್ರೇಮ್. ಅದು ಈ ಕುಟುಂಬಕ್ಕೆ ಸೇರಿದ್ದಲ್ಲ. ಅಲ್ಲಿ ಸಂಬಂಧಕ್ಕಿಂತ ಜಾಗ ಮುಖ್ಯ, ಹಾಗಾಗಿ ಉಪಕರಣವೂ ಬೇರೆ. 2008ರಲ್ಲಿ ಬಂದ ಬಾಲ್ಸಮಿಕ್ ಗೆರೆಗಳನ್ನು ಬೇಕೆಂದೇ ಕೈಬರಹದಂತೆ ಒರಟಾಗಿ ತೋರಿಸುತ್ತದೆ. ಇದರ ಹಿಂದೆ ಒಳ್ಳೆಯ ಯೋಚನೆ ಇದೆ. ನುಣುಪಾದ, ಬಣ್ಣ ತುಂಬಿದ ಚಿತ್ರ ತೋರಿಸಿದರೆ ನೋಡಿದವರು ಹಸಿರು ಸ್ವಲ್ಪ ಗಾಢವಾಯಿತು ಎನ್ನುತ್ತಾರೆ. ಒರಟು ಚಿತ್ರ ತೋರಿಸಿದರೆ ದರದ ಪಟ್ಟಿ ಮೇಲೆ ಬರಬೇಕಿತ್ತು ಎನ್ನುತ್ತಾರೆ. ಯೋಜನೆಯ ಹಂತದಲ್ಲಿ ನಮಗೆ ಬೇಕಾದದ್ದು ಎರಡನೆಯ ಮಾತು. ಒಂದೇ ಉಪಕರಣದಲ್ಲಿ ಮರ, ದಾರಿ, ವೈರ್‌ಫ್ರೇಮ್ ಮೂರೂ ಆಗಬೇಕೆಂದು ಹಟ ಹಿಡಿದರೆ ಮೂರೂ ಅರೆಬರೆಯಾಗುವುದನ್ನು ನಾನು ಹೆಚ್ಚು ಕಂಡಿದ್ದೇನೆ.

ಗೆರೆ ಮತ್ತು ಸಂಬಂಧ

ಈಗ ಬಾಣದ ನೆನಪಿಗೆ ಬರೋಣ. ಯಾವ ಸಾಫ್ಟ್‌ವೇರನ್ನು ಪರೀಕ್ಷಿಸುವಾಗಲೂ ಎರಡು ಪೆಟ್ಟಿಗೆ ಇಟ್ಟು, ನಡುವೆ ಒಂದು ಬಾಣ ಎಳೆದು, ಒಂದು ಪೆಟ್ಟಿಗೆಯನ್ನು ದೂರ ಎಳೆಯಿರಿ. ಬಾಣ ಜೊತೆಗೆ ಬಂದರೆ ಅದರ ನೆನಪಿನಲ್ಲಿ ಸಂಬಂಧವಿದೆ. ಖಾಲಿ ಜಾಗವನ್ನು ತೋರಿಸುತ್ತ ಅಲ್ಲೇ ನಿಂತರೆ ಅದು ಚಿತ್ರ ಬಿಡಿಸುವ ಆಪ್ ಮಾತ್ರ. ಅರವತ್ತು ಪುಟಗಳ ಯೋಜನೆ ನಾಲ್ಕು ಸಭೆಗಳಲ್ಲಿ ನಾಲ್ಕು ಸಲ ಬದಲಾಗುತ್ತದೆ, ಪ್ರತಿ ಸಲವೂ ಬಾಣಗಳನ್ನು ಕೈಯಾರೆ ಸರಿಪಡಿಸಬೇಕಾದರೆ ಯಾರೂ ಸರಿಪಡಿಸುವುದಿಲ್ಲ. ನಕ್ಷೆ ಹಳತಾಗಿ, ಅದನ್ನು ನೋಡುವುದನ್ನೇ ಜನ ಬಿಡುತ್ತಾರೆ.

ಪೆಟ್ಟಿಗೆಗೆ ಅಂಟಿಕೊಳ್ಳುವ ಬಾಣವನ್ನು ಕಚೇರಿಗಳ ದಿನಬಳಕೆಗೆ ತಂದ ಸಾಫ್ಟ್‌ವೇರ್‌ಗಳಲ್ಲಿ ವಿಸಿಯೊ ಪ್ರಮುಖವಾದದ್ದು. ಪೇಜ್‌ಮೇಕರ್ ತಯಾರಿಸಿದ ಆಲ್ಡಸ್ ಕಂಪನಿಯಿಂದ ಹೊರಬಂದವರು ಸಿಯಾಟಲ್‌ನಲ್ಲಿ ಕಟ್ಟಿದ ಶೇಪ್‌ವೇರ್ 1992ರಲ್ಲಿ ಅದನ್ನು ಹೊರತಂದಿತು. 2000ದಲ್ಲಿ ಅದು ಮೈಕ್ರೋಸಾಫ್ಟ್ ಪಾಲಾಯಿತು. ಆ ವರ್ಷವೇ ಜೆಸ್ಸಿ ಜೇಮ್ಸ್ ಗ್ಯಾರೆಟ್ ಜಾಲತಾಣಗಳ ನಕ್ಷೆಗೆಂದೇ ಒಂದು ಸಣ್ಣ ಚಿಹ್ನಾಸಮೂಹ ಪ್ರಕಟಿಸಿದರು. ಪುಟಕ್ಕೆ ಆಯತ, ನಿರ್ಧಾರಕ್ಕೆ ವಜ್ರಾಕೃತಿ, ಒಂದೇ ಬಗೆಯ ಹಲವು ಪುಟಗಳಿಗೆ ಒಂದರ ಹಿಂದೊಂದು ಆಯತ. ಯಾವ ಸಾಫ್ಟ್‌ವೇರ್‌ಗೂ ಅಂಟಿಕೊಳ್ಳದೆ, ಬಿಳಿ ಹಲಗೆಯ ಮೇಲೂ ಕೈಯಲ್ಲೇ ಬಿಡಿಸಲು ಬರುವಂತಿರಬೇಕು ಎಂಬುದು ಅವರ ನಿಯಮ. ನೂರಾರು ಚಿಹ್ನೆಗಳ ಭಂಡಾರವಿದೆ ಎಂದು ಹೆಮ್ಮೆಪಡುವ ಉಪಕರಣಗಳನ್ನು ಕಂಡಾಗ ನನಗೆ ಗ್ಯಾರೆಟ್ ಅವರ ಸಂಯಮ ನೆನಪಾಗುತ್ತದೆ. ಹತ್ತು ಚಿಹ್ನೆ ಸಾಕು.

ಇವತ್ತು ಹಣ ಕೊಡದೆ ಸಿಗುವವುಗಳಲ್ಲಿ ನಮ್ಮ ರೈತ ಕಂಪನಿಗೆ ನಾನು ಮೊದಲು ಹೇಳುವುದು ಡ್ರಾ.ಐಒ. ಬ್ರೌಸರಿನಲ್ಲೇ ನಡೆಯುತ್ತದೆ, ಇಂಟರ್‌ನೆಟ್ ಇಲ್ಲದಾಗಲೂ ಕೆಲಸ ಮಾಡುವ ಆವೃತ್ತಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು, ಫೈಲು ನಮ್ಮಲ್ಲೇ ಉಳಿಯುತ್ತದೆ. ಜರ್ಮನಿಯ ವೈಎಡ್ ಕೂಡ ಉಚಿತ. ಮೇಲೆ ಹೇಳಿದ ಮೂರೂ ಬಗೆಯ ಜೋಡಣೆ ಅದರಲ್ಲಿ ಸಿದ್ಧವಾಗಿವೆ, ಗುಂಡಿ ಒತ್ತಿ ಒಂದೇ ಮಾಹಿತಿಯನ್ನು ಮರವಾಗಿ, ಅಂತಸ್ತುಗಳಾಗಿ, ಸ್ಪ್ರಿಂಗುಗಳ ಜಾಲವಾಗಿ ನೋಡಬಹುದು. ಅದರ ನೋಟ ಹಳೆಯ ಕಾಲದ್ದು, ಆದರೆ ಇಂಥ ಕೆಲಸದಲ್ಲಿ ನನಗೆ ಅದು ಅತಿ ಹೆಚ್ಚು ಕಲಿಸಿದೆ.

ಬಾಣದ ನೆನಪನ್ನು ಕೊನೆಯವರೆಗೂ ಒಯ್ದವರು ಬೆಲ್ ಪ್ರಯೋಗಾಲಯದವರು. ಅವರ ಗ್ರಾಫ್‌ವಿಝ್‌ನಲ್ಲಿ ಚಿತ್ರವನ್ನು ನಾವು ಬಿಡಿಸುವುದೇ ಇಲ್ಲ, ಸಂಬಂಧವನ್ನು ಬರೆಯುತ್ತೇವೆ:

"ಉತ್ಪನ್ನಗಳು" -> "ಹುರಿಹಿಟ್ಟು"
"ಹುರಿಹಿಟ್ಟು" -> "ಅಡುಗೆಗಳು"

ಎಲ್ಲಿ ಯಾವ ಪೆಟ್ಟಿಗೆ ಕೂರಬೇಕೆಂಬುದು ಯಂತ್ರದ ಚಿಂತೆ. ಕನೂಟ್ ಸ್ವೀಡ್‌ಕ್ವಿಸ್ಟ್ 2014ರಲ್ಲಿ ಆರಂಭಿಸಿದ ಮರ್ಮೇಡ್ ಇದೇ ದಾರಿಯಲ್ಲಿದೆ, 2022ರಿಂದ ಪ್ರೋಗ್ರಾಂಗಳನ್ನು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ನೇರವಾಗಿ ಚಿತ್ರವಾಗಿ ಮೂಡುತ್ತದೆ. ಸಾಲುಗಳಲ್ಲಿ ಬರೆದ ನಕ್ಷೆಗೆ ಒಂದು ದೊಡ್ಡ ಅನುಕೂಲವಿದೆ. ಹೋದ ತಿಂಗಳಿಗೂ ಈ ತಿಂಗಳಿಗೂ ಏನು ಬದಲಾಯಿತು ಎಂದು ಎರಡು ಫೈಲುಗಳನ್ನು ಹೋಲಿಸಿ ಸಾಲುಸಾಲಾಗಿ ತೋರಿಸಬಹುದು. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಕಣ್ಣಲ್ಲಿ ಹುಡುಕುವ ಕಷ್ಟ ಇಲ್ಲ. ಇದನ್ನು ಪ್ರೋಗ್ರಾಂ ಬರೆಯುವವರ ಆಟಿಕೆ ಎಂದು ಬದಿಗಿಡುವವರಿದ್ದಾರೆ. ಕಂಪನಿಯ ಕಾರ್ಯದರ್ಶಿಗೆ ಇದು ಹೊಂದಲಿಕ್ಕಿಲ್ಲ ನಿಜ, ಆದರೆ ಜಾಲತಾಣ ಕಟ್ಟುವ ಹುಡುಗನಿಗೆ ಖಂಡಿತ ಹೊಂದುತ್ತದೆ.

ಕಾರ್ಯದರ್ಶಿಗೆ ಅದಕ್ಕಿಂತ ಒಳ್ಳೆಯ ಸಾಧನ ಈಗಾಗಲೇ ಕೈಯಲ್ಲಿದೆ, ಲೆಕ್ಕಪತ್ರದ ಸ್ಪ್ರೆಡ್‌ಶೀಟ್. ಒಂದು ಸಾಲಿಗೆ ಒಂದು ಪುಟ. ಅಂಕಣಗಳು: ಗುರುತು, ಶೀರ್ಷಿಕೆ, ತಾಯಿಪುಟ, ಯಾರಿಗಾಗಿ, ಯಾರು ಬರೆಯಬೇಕು, ಯಾವಾಗ ತಿದ್ದಿದ್ದು. ತಾಯಿಪುಟದ ಒಂದು ಅಂಕಣದಲ್ಲಿ ಇಡೀ ಮರ ಅಡಗಿದೆ. ವೈಎಡ್ ಆಗಲಿ ಡ್ರಾ.ಐಒ ಆಗಲಿ ಇಂಥ ಪಟ್ಟಿಯನ್ನು ಓದಿ ಚಿತ್ರ ಮಾಡಿಕೊಡುತ್ತವೆ. ಪಟ್ಟಿಯನ್ನು ಮೂಲವಾಗಿಟ್ಟುಕೊಂಡು ಚಿತ್ರವನ್ನು ಅದರಿಂದ ಹುಟ್ಟಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಎಚ್ಚರಿಕೆ: ಗುರುತಿನ ಅಂಕಣದಲ್ಲಿ 2.3.1 ಎಂಬಂಥ ಸಂಖ್ಯೆ ಬೇಡ. ಪುಟವನ್ನು ಬೇರೆ ಕೊಂಬೆಗೆ ಸರಿಸಿದ ದಿನ ಆ ಸಂಖ್ಯೆ ಸುಳ್ಳಾಗುತ್ತದೆ. ಎಲ್ಲಿದ್ದರೂ ಬದಲಾಗದ ಸಣ್ಣ ಹೆಸರೊಂದು ಇರಲಿ.

ಫೈಲಿನ ಆಯುಸ್ಸು

ಜಾಲತಾಣದ ನಕ್ಷೆ ಒಮ್ಮೆ ನೋಡಿ ಬಿಸಾಡುವ ವಸ್ತುವಲ್ಲ. ಐದು ವರ್ಷದ ನಂತರ ಬೇರೆ ಯಾರೋ ಅದನ್ನು ತೆರೆಯಬೇಕಾಗುತ್ತದೆ. ವಿನ್ಯಾಸಕಾರರ ನಡುವೆ ತುಂಬ ಜನಪ್ರಿಯವಾಗಿದ್ದ ಇನ್‌ವಿಷನ್ 2024ರ ಡಿಸೆಂಬರ್ 31ಕ್ಕೆ ತನ್ನ ವಿನ್ಯಾಸ ಸೇವೆಗಳನ್ನು ನಿಲ್ಲಿಸಿತು. ಅಂಥದೇ ಇನ್ನೊಂದು ವಿನ್ಯಾಸ ಉಪಕರಣವಾದ ಫಿಗ್ಮಾವನ್ನು 2000 ಕೋಟಿ ಡಾಲರಿಗೆ ಕೊಳ್ಳುವುದಾಗಿ ಅಡೋಬಿ 2022ರ ಸೆಪ್ಟೆಂಬರಿನಲ್ಲಿ ಸಾರಿತು. ಯುರೋಪ್ ಮತ್ತು ಬ್ರಿಟನ್ನಿನ ನಿಯಂತ್ರಕರ ತಡೆಯಿಂದಾಗಿ 2023ರ ಡಿಸೆಂಬರಿನಲ್ಲಿ ಆ ಒಪ್ಪಂದ ಮುರಿದುಬಿತ್ತು. ಆ ಹದಿನೈದು ತಿಂಗಳು ಫಿಗ್ಮಾ ಬಳಸುವವರಿಗೆ ತಮ್ಮ ಕೆಲಸ ನಾಳೆ ಯಾರ ಕೈಯಲ್ಲಿರುತ್ತದೆಂದು ತಿಳಿದಿರಲಿಲ್ಲ. ಇವು ಒಳ್ಳೆಯ ಉಪಕರಣಗಳೇ. ಆದರೆ ಉಪಕರಣ ಒಳ್ಳೆಯದಾಗಿರುವುದು ಬೇರೆ, ನಮ್ಮ ಫೈಲು ನಮ್ಮ ಕೈಯಲ್ಲಿರುವುದು ಬೇರೆ.

ಎಸ್‌ವಿಜಿ ರೂಪಕ್ಕೆ ರಫ್ತು ಮಾಡಿಟ್ಟುಕೊಂಡರೆ ಸಾಕಲ್ಲವೇ ಎಂದು ಕೇಳಬಹುದು. ಅದು 2001ರಲ್ಲಿ ವೆಬ್‌ನ ಮಾನಕ ಸಂಸ್ಥೆಯಾದ ಡಬ್ಲ್ಯು3ಸಿ ಒಪ್ಪಿದ ಮುಕ್ತ ರೂಪ, ಯಾವ ಬ್ರೌಸರೂ ತೆರೆಯುತ್ತದೆ. ಆದರೆ ರಫ್ತಾದ ಎಸ್‌ವಿಜಿಯಲ್ಲಿ ಉಳಿಯುವುದು ಗೆರೆಗಳು ಮಾತ್ರ. ಈ ಗೆರೆ ಹುರಿಹಿಟ್ಟಿನಿಂದ ಅಡುಗೆಗೆ ಹೋಗುತ್ತಿತ್ತು ಎಂಬ ತಿಳಿವು ಹೋಗಿಬಿಡುತ್ತದೆ. ಪಿಡಿಎಫ್‌ನ ಕಥೆಯೂ ಅದೇ. ನೋಡಲು ಉಳಿಯಿತು, ತಿದ್ದಲು ಉಳಿಯಲಿಲ್ಲ. ಡ್ರಾ.ಐಒ ಇದಕ್ಕೊಂದು ಉಪಾಯ ಮಾಡಿದೆ: ರಫ್ತು ಮಾಡುವ ಚಿತ್ರದೊಳಗೇ ಮೂಲ ನಕ್ಷೆಯ ಪ್ರತಿಯನ್ನು ಅಡಗಿಸಿಡುವ ಆಯ್ಕೆ ಕೊಡುತ್ತದೆ. ಅದನ್ನು ಆರಿಸಿಕೊಂಡರೆ ಚಿತ್ರವನ್ನು ಮತ್ತೆ ಡ್ರಾ.ಐಒನಲ್ಲಿ ತೆರೆದಾಗ ಬಾಣಗಳು ಬಾಣಗಳಾಗಿಯೇ ಸಿಗುತ್ತವೆ. ವೈಎಡ್ ಉಳಿಸುವ ಗ್ರಾಫ್‌ಎಂಎಲ್ ಕೂಡ ಓದಬಲ್ಲ ಪಠ್ಯ. ಪುಟಗಳೂ ಅವುಗಳ ನಡುವಿನ ಕೊಂಡಿಗಳೂ ಅದರಲ್ಲಿ ಬೇರೆಬೇರೆಯಾಗಿ, ಹೆಸರಿನ ಸಮೇತ ಇರುತ್ತವೆ. ಉಪಕರಣವನ್ನು ಒಪ್ಪಿಕೊಳ್ಳುವ ಮೊದಲು ಹತ್ತು ಪುಟದ ನಕ್ಷೆ ಮಾಡಿ, ಉಳಿಸಿ, ಬೇರೊಂದು ಕಂಪ್ಯೂಟರಿನಲ್ಲಿ, ಸಾಧ್ಯವಾದರೆ ಬೇರೊಂದು ಸಾಫ್ಟ್‌ವೇರಿನಲ್ಲಿ ತೆರೆದು ನೋಡಬೇಕು.

ಆ ಹತ್ತು ಪುಟಗಳ ಹೆಸರು ಕನ್ನಡದಲ್ಲೇ ಇರಲಿ. ‘ಪುಟ ಒಂದು’, ‘ಪುಟ ಎರಡು’ ಎಂದು ಬರೆದು ಪರೀಕ್ಷಿಸಿದರೆ ತೊಂದರೆ ಗೊತ್ತಾಗುವುದಿಲ್ಲ. ‘ರಾಷ್ಟ್ರೀಯ’, ‘ಸಾಮರ್ಥ್ಯ’, ‘ಸಾಫ್ಟ್‌ವೇರ್’ ಎಂಬ ಮೂರು ಮಾತು ಸಾಕು. ಮೊದಲನೆಯದರಲ್ಲಿ ಒತ್ತಕ್ಷರಗಳು ಒಂದರ ಕೆಳಗೊಂದು ಇಳಿಯುತ್ತವೆ, ಪೆಟ್ಟಿಗೆಯ ಎತ್ತರ ಸಾಲದಿದ್ದರೆ ಕೆಳಗೆ ಕತ್ತರಿಸಿಹೋಗುತ್ತವೆ. ಎರಡನೆಯದರ ಅರ್ಕಾವತ್ತು ಯಥಾಸ್ಥಾನದಲ್ಲಿ ಬಂತೇ ನೋಡಿ. ಮೂರನೆಯದರಲ್ಲಿ ‘ಟ್’ ಮತ್ತು ‘ವೇ’ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಇದೆ. ‘ವ’ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಅದೇ. ಕೆಲವು ಉಪಕರಣಗಳು ರಫ್ತಿನ ವೇಳೆ ಆ ಚಿಹ್ನೆಯನ್ನು ನುಂಗಿಹಾಕುತ್ತವೆ. ಅಗಲದ ತೊಂದರೆಯೂ ಇದೆ. ಪೆಟ್ಟಿಗೆಯ ಅಗಲವನ್ನು ಲೆಕ್ಕ ಹಾಕಿದ ಕಂಪ್ಯೂಟರಿನಲ್ಲಿ ಒಂದು ಫಾಂಟ್, ಚಿತ್ರ ನೋಡುವವರ ಕಂಪ್ಯೂಟರಿನಲ್ಲಿ ಇನ್ನೊಂದು; ಅಕ್ಷರ ಪೆಟ್ಟಿಗೆಯಾಚೆ ಚಾಚುತ್ತದೆ. ನುಡಿ, ಬರಹಗಳ ಯೂನಿಕೋಡ್‌ಪೂರ್ವ ಫಾಂಟುಗಳಲ್ಲಿ ಬರೆದಿಟ್ಟ ಹಳೆಯ ಪಠ್ಯವನ್ನು ನಕ್ಷೆಗೆ ಅಂಟಿಸಲೇಬಾರದು. ಆ ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ಗುರುತುಗಳ ಸಾಲಾಗುತ್ತದೆ, ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಯಾವ ವಿಮರ್ಶೆಯಲ್ಲೂ ಈ ಪರೀಕ್ಷೆಯ ಫಲಿತಾಂಶ ಬರೆದಿರುವುದಿಲ್ಲ, ನಾವೇ ಮಾಡಿ ನೋಡಬೇಕು.

ಜಾಲತಾಣ ಶುರುವಾದ ಮೇಲೂ ಈ ನಕ್ಷೆಗೆ ಕೆಲಸವಿದೆ. ಮುಖಪುಟದಿಂದ ಹೊರಟು ಪ್ರತಿ ಕೊಂಡಿಯನ್ನೂ ಹಿಂಬಾಲಿಸಿ ಹೋಗುವ ಸಣ್ಣ ಪ್ರೋಗ್ರಾಂಗಳಿವೆ. ಮೊದಲು ಒಂದು ಕ್ಲಿಕ್ಕಿನ ದೂರದ ಪುಟಗಳೆಲ್ಲ, ಆಮೇಲೆ ಎರಡು ಕ್ಲಿಕ್ಕಿನವು, ಹೀಗೆ ಅಲೆಯಂತೆ ಹರಡುತ್ತ ಹೋಗಿ ಪ್ರತಿ ಪುಟದ ದೂರವನ್ನು ಗುರುತುಹಾಕುತ್ತವೆ. ಯಾವ ಅಲೆಯೂ ತಲುಪದ ಪುಟಗಳು ಇದ್ದೇ ಇರುತ್ತವೆ. ಇಡೀ ವೆಬ್‌ನಲ್ಲೇ ಹೀಗಿದೆ: ಆಂಡ್ರೇ ಬ್ರೋಡರ್ ಮತ್ತು ಸಂಗಡಿಗರು ಸುಮಾರು 20 ಕೋಟಿ ಪುಟಗಳ ಕೊಂಡಿಗಳನ್ನು ವಿಶ್ಲೇಷಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನಬಂದಂತೆ ಆರಿಸಿದ ಒಂದು ಪುಟದಿಂದ ಇನ್ನೊಂದಕ್ಕೆ ದಾರಿ ಇರುವ ಸಾಧ್ಯತೆ ಕಾಲು ಭಾಗಕ್ಕಿಂತ ಕಡಿಮೆ ಇತ್ತು. ಅರವತ್ತು ಪುಟಗಳ ತಾಣದಲ್ಲಿ ಅಂಥ ಒಂಟಿ ಪುಟಗಳಿಗೆ ಕ್ಷಮೆ ಇಲ್ಲ. ನಕ್ಷೆಯಲ್ಲಿರುವ ಕೊಂಡಿಗಳ ಪಟ್ಟಿ ಒಂದು ಕಡೆ, ತಾಣದಲ್ಲಿ ನಿಜವಾಗಿ ಸಿಕ್ಕ ಕೊಂಡಿಗಳ ಪಟ್ಟಿ ಇನ್ನೊಂದು ಕಡೆ ಇಟ್ಟು ಒಂದರಿಂದ ಇನ್ನೊಂದನ್ನು ಕಳೆದರೆ ಎರಡು ಶೇಷ ಬರುತ್ತವೆ. ಬಾಣಕ್ಕೆ ನೆನಪಿದ್ದರೆ ಮಾತ್ರ ಈ ಲೆಕ್ಕ ಸಾಧ್ಯ. ಯೋಜಿಸಿದ್ದೂ ಕಟ್ಟದೆ ಬಿಟ್ಟದ್ದು ಮೊದಲ ಶೇಷ, ಅದು ಸುಲಭವಾಗಿ ಅರ್ಥವಾಗುತ್ತದೆ. ಯೋಜಿಸದೆ ಬೆಳೆದದ್ದು ಎರಡನೆಯದು, ಅದನ್ನು ನಿಧಾನವಾಗಿ ಓದಬೇಕು. ಫೋನಿನಲ್ಲೇ ನವಣೆ ತರಿಸಿಕೊಳ್ಳುವ ಗಿರಾಕಿಗಳಿಗಾಗಿ ಮಳಿಗೆಯವರು ತಾವೇ ಸೇರಿಸಿಕೊಂಡ ಒಂದು ಪುಟ ಅಲ್ಲಿ ಸಿಗಬಹುದು. ಅದನ್ನು ಪಟ್ಟಿಗೆ ಸೇರಿಸಿ, ತಾಯಿಪುಟದ ಅಂಕಣದಲ್ಲಿ ‘ಉತ್ಪನ್ನಗಳು’ ಎಂದು ತುಂಬಿ, ಚಿತ್ರವನ್ನು ಮತ್ತೊಮ್ಮೆ ಹೊರಡಿಸಿದರೆ ಆ ತಿಂಗಳ ಕೆಲಸ ಮುಗಿಯಿತು.